ಟೆನ್ಷನ್ ಅಲ್ಲ

ಮಲೇಷ್ಯಾದ ಬಯಾನ್ ಲೆಪಾಸ್‌ನ ಚಿಪ್ ಫ್ಯಾಕ್ಟರಿಯೊಂದರಲ್ಲಿ ಎಂಜಿನಿಯರ್ ಆಗಿದ್ದ ವಾಸಂತಿ ಆ ವರ್ಷ ಮೂರನೇ ಸಲ ಎಚ್ಚರ ತಪ್ಪಿ ಬಿದ್ದಾಗ ಮುಂದಿನ ಹಲ್ಲು ಮುರಿಯಿತು. ಕ್ಲಿನಿಕ್ಕಿನ ಡಾಕ್ಟರು ಇಸಿಜಿ ನೋಡಿ, "ಎಲ್ಲಾ ನಾರ್ಮಲ್. ಟೆನ್ಷನ್ ಅಷ್ಟೇ" ಎಂದು ಮತ್ತೆ ನಿದ್ದೆ ಮಾತ್ರೆ ಬರೆದರು. ವಾಸಂತಿ ಚೀಟಿಯನ್ನು ಅವರ ಮೇಜಿನ ಮೇಲೇ ಬಿಟ್ಟು ಎದ್ದಳು.

ಕಾರಿನಲ್ಲಿ ಗಂಡ ಗಂಗಾಧರ, "ಕೆಲಸ ಬಿಟ್ಬಿಡು. ಮೈಸೂರಿಗೆ ಹೋಗೋಣ. ನಿಂಗೆ ರೆಸ್ಟ್ ಬೇಕು" ಎಂದ.

"ರಜದಲ್ಲಿ ಬೀಚ್ ಹತ್ರ ನಗ್ತಾ ನಿಂತಿದ್ದಾಗ್ಲೂ ಬಿದ್ದೆನಲ್ಲ, ಆಗ ಯಾವ ಟೆನ್ಷನ್ ಇತ್ತು? ಕಾರಣ ತಿಳೀದೆ ನಾನೆಲ್ಲಿಗೂ ಬರಲ್ಲ."

ತಾನೇ ಹುಡುಕಿಕೊಂಡು ಹೃದಯದ ಡಾಕ್ಟರ್ ತಹರೀಮ್ ಬಳಿ ಹೋದಳು. ಆಕೆ ಬಳ್ಳಾರಿಯವರು. "ನೀವು ಇವತ್ತು ಬೀಳ್ತೀರಿ, ಅವರು ನಾಳೆ ಇಸಿಜಿ ತೆಗೀತಾರ. ಏನ್ ಸಿಗ್ತದ ಅದ್ರಾಗ?" ಎಂದು, ಎದೆಯ ಚರ್ಮದಡಿ ಕಡ್ಡಿಯಷ್ಟು ಸಣ್ಣ ರೆಕಾರ್ಡರ್ ಕೂರಿಸಿದರು. ಹಗಲೂ ರಾತ್ರಿ ಬಡಿತ ದಾಖಲಿಸುವ ಸಾಧನ ಅದು.

ಮುಂದಿನ ತಿಂಗಳು ಗಂಡನ ಜೊತೆ ತಮಿಳು ಮುಸ್ಲಿಮರ ಮಾಮಾಕ್ ಹೋಟೆಲಿನಲ್ಲಿ ಊಟ ತಪಾವ್ ಮಾಡಿಸಲು, ಅಂದರೆ ಮನೆಗೆ ಕಟ್ಟಿಸಿಕೊಳ್ಳಲು, ನಿಂತಿದ್ದಾಗ ಕಣ್ಣು ಕತ್ತಲಿಟ್ಟಿತು. ಎಚ್ಚರವಾದಾಗ ತಲೆ ಗಂಡನ ತೊಡೆಯ ಮೇಲಿತ್ತು. ಅವನು ಅಳುತ್ತಿದ್ದ.

"ರೆಕಾರ್ಡ್ ಆಗಿರತ್ತೆ ಅಲ್ವಾ?" ಎಂದಳು ವಾಸಂತಿ.

ಆಗಿತ್ತು. ತಹರೀಮ್ ತೋರಿಸಿದ ಪರದೆಯಲ್ಲಿ ಏರಿಳಿತದ ಗೆರೆ ಒಂದು ಕಡೆ ಮಟ್ಟಸವಾಗಿ ಮಲಗಿತ್ತು. "ಇಲ್ಲಿ ಹತ್ತು ಸೆಕೆಂಡಿನ ಹತ್ರ ಹತ್ರ ನಿಮ್ಮ ಹೃದಯ ನಿಂತದ. ಟೆನ್ಷನ್ ಅಲ್ರಿ ಇದು. ಪೇಸ್‌ಮೇಕರ್ ಹಾಕೋಣ."

ವಾಸಂತಿಗೆ ಹೆದರಿಕೆಗಿಂತ ಸಿಟ್ಟೇ ಹೆಚ್ಚಿತ್ತು. "ಹಾಕಿ" ಎಂದಳು.

ಗಾಯ ಮಾಗಿ ಕೆಲಸಕ್ಕೆ ಮರಳಿದಾಗ ಮ್ಯಾನೇಜರ್ ಕರೆದು, ಯಂತ್ರಗಳ ಕಾಂತಕ್ಷೇತ್ರದಿಂದ ಪೇಸ್‌ಮೇಕರ್‌ಗೆ ಅಪಾಯ, ಇನ್ನು ಆಫೀಸಿನಲ್ಲೇ ಕೂರಿ ಎಂದರು.

"ಯಾವ ಯಂತ್ರ? ಅಳತೆ ಮಾಡಿದ್ದೀರಾ?"

ಮಾಡಿರಲಿಲ್ಲ. ಪೇಸ್‌ಮೇಕರ್ ಕಂಪನಿ ಕೊಟ್ಟ ಮಿತಿ ಮುಂದಿಟ್ಟು ಆಕೆ ಪಟ್ಟು ಹಿಡಿದಳು. ಸೇಫ್ಟಿಯವರು ಒಂದೊಂದೇ ಯಂತ್ರದ ಕಾಂತಕ್ಷೇತ್ರ ಅಳೆದರು. ಮಿತಿ ಮೀರಿದ್ದು ಒಂದೇ.

"ಅದರ ಹತ್ರ ಹೋಗಲ್ಲ. ಮಿಕ್ಕಿದ್ದೆಲ್ಲ ನಾನೇ ನೋಡ್ಕೋತೀನಿ" ಎಂದಳು.

ಆಮೇಲೆ ಆಕೆ ಬಿದ್ದಿಲ್ಲ. ಗಂಗಾಧರ ಮಾತ್ರ ಮಾರ್ಕೆಟ್ಟಿನಲ್ಲಿ ಈಗಲೂ ಅವಳ ಮೊಣಕೈ ಹಿಡಿದುಕೊಳ್ಳುತ್ತಾನೆ.

"ಬಿಡಿ ಅಂದ್ರೆ!" ಎಂದು ಕೊಸರಿಕೊಂಡು ವಾಸಂತಿ ಮೀನಂಗಡಿಗಳ ಗದ್ದಲದಲ್ಲಿ ಮುಂದೆ ಮುಂದೆ ನಡೆಯುತ್ತಾಳೆ.