ಮನೆಗೊಂದು ಹೆಬ್ಬೆಟ್ಟು

ಮಹಜಬೀನಳಿಗೆ ಪಿಎಚ್‌ಡಿ ಇರಲಿಲ್ಲ. ಇದ್ದದ್ದು ಒಂದು ಎಂ.ಎಸ್ಸಿ., ಹುಮನಾಬಾದಿನ ಜ್ವರ ಘಟಕದಲ್ಲಿ ಗುತ್ತಿಗೆಯ ನೌಕರಿ ಮತ್ತು ಆಡಿನ ದಲ್ಲಾಳಿಯಾದ ಅಪ್ಪ. ಅಪ್ಪ ಜಲಾಲುದ್ದೀನ್ ಹೋದ ವರ್ಷ ನಾಲ್ಕು ತಿಂಗಳು ಜ್ವರದಲ್ಲಿ ಮಲಗಿದ್ದ. ಸಂಜೆ ಏರುವ, ಬೆಳಗ್ಗೆ ಇಳಿಯುವ, ಸೊಂಟ ಹಿಡಿದು ಕೂರಿಸುವ ಜ್ವರ. ಟೈಫಾಯಿಡ್ ಎಂದು ಮೂರು ಸಲ ಇಂಜೆಕ್ಷನ್ ಆಯಿತು. ಕೊನೆಗೆ ಮಗಳೇ ರಕ್ತ ನೋಡಿ ಬ್ರುಸೆಲ್ಲಾ ಎಂದಳು. ಆಡಿನ ಹಸಿ ಹಾಲು ಕುಡಿದವರಿಗೆ, ಬರಿಗೈಲಿ ಮರಿ ಹಾಕಿಸಿದವರಿಗೆ ಹತ್ತುವ ರೋಗ ಅದು.

ಇದು ಸುತ್ತಲಿನ ಊರುಗಳಲ್ಲಿ ಎಷ್ಟು ಜನಕ್ಕೆ ಹತ್ತಿದೆ ಎಂದು ಯಾರೂ ಎಣಿಸಿರಲಿಲ್ಲ. ಎಣಿಸಲು ಹಣ ಬೇಕು. ಸಾಂಕ್ರಾಮಿಕ ರೋಗಗಳ ಮೇಲೆ ಮೂರು ವರ್ಷದ ಅಧ್ಯಯನಕ್ಕೆ ಸರ್ಕಾರದ ಸಂಶೋಧನಾ ಮಂಡಳಿ ಅರ್ಜಿ ಕರೆದಾಗ ಮಹಜಬೀನ್ ಆ ಪ್ರಕಟಣೆಯನ್ನು ಮುದ್ರಿಸಿ ಗೋಡೆಗೆ ಅಂಟಿಸಿಬಿಟ್ಟಳು. ಅರ್ಜಿಯ ಜೊತೆ ಕನಿಷ್ಠ ನೂರೈವತ್ತು ಜನರ ರಕ್ತದ ಮಾದರಿ ಕೈಯಲ್ಲಿರಬೇಕು, ಪ್ರತಿಯೊಂದಕ್ಕೂ ಆಯಾ ವ್ಯಕ್ತಿಯ ಲಿಖಿತ ಒಪ್ಪಿಗೆ ಬೇಕು. ಅವಳ ಡೀಪ್ ಫ್ರೀಜರಿನಲ್ಲಿ ಇನ್ನೂರ ಹನ್ನೆರಡು ಇದ್ದವು. ಮಳೆಗಾಲದಲ್ಲಿ ಘಾಟಬೋರಾಳ, ರಾಜೇಶ್ವರ, ಮುಡಬಿಗಳಲ್ಲಿ ಜ್ವರದ ಶಿಬಿರ ಮಾಡಿದಾಗ ಪರೀಕ್ಷೆ ಮುಗಿದು ಉಳಿದ ರಕ್ತ. ಅದರಲ್ಲಿ ಮೂವತ್ತೊಂದು ಪಾಸಿಟಿವ್.

"ನೂರಕ್ಕ ಹದಿನೈದು ಮಂದಿಗಿ ಅದರಿ ಸರ್!" ಎಂದು ಅವಳು ಫೋನಿನಲ್ಲಿ ಕೂಗಿದ್ದಳು.

"ಮೆಲ್ಲಕ ಹೇಳವಾ, ರೋಗ ಬಂದದಂತ ಇಷ್ಟ್ ಖುಷಿ ಪಡೋದು ನಿನ್ನೊಬ್ಬಾಕಿನ್ನೇ ನೋಡಿದ್ದು," ಎಂದಿದ್ದ ಡಾಕ್ಟರ್ ಅಜೀತ. ಬಸವಕಲ್ಯಾಣದ ಈ ಡಾಕ್ಟರೇ ಅರ್ಜಿಯ ಮುಖ್ಯ ಸಂಶೋಧಕ. ಅವನಿಗೆ ಎಂ.ಡಿ. ಇತ್ತು. ಮಿಕ್ಕಿದ್ದನ್ನೆಲ್ಲ ಮಹಜಬೀನ್ ಬರೆದಿದ್ದಳು.

ಶುಕ್ರವಾರ ಸಂಜೆ ಐದಕ್ಕೆ ಅರ್ಜಿಯ ಗಡುವು ಮುಗಿಯುತ್ತಿತ್ತು. ಬುಧವಾರ ಬೆಳಗ್ಗೆ ಅವಳು, ಆಶಾ ಕಾರ್ಯಕರ್ತೆಯರು ಮನೆಮನೆಯಿಂದ ತಂದಿದ್ದ ಒಪ್ಪಿಗೆಯ ಫಾರಂಗಳನ್ನು ಸ್ಕ್ಯಾನ್ ಮಾಡಲು ಕುಳಿತಳು. ಹನ್ನೆರಡನೆಯ ಫಾರಂ ಘಾಟಬೋರಾಳದ ಸಿದ್ದಪ್ಪನದು. ಹೆಬ್ಬೆಟ್ಟಿನ ನಡುವೆ ಕುಡುಗೋಲು ಬಿದ್ದ ಗಾಯದ ಅಡ್ಡಗೆರೆ. ಹದಿಮೂರನೆಯದು ಅವನ ಹೆಂಡತಿಯದು. ಅದೇ ಅಡ್ಡಗೆರೆ. ಹದಿನಾಲ್ಕು, ಹದಿನೈದು, ಹದಿನಾರು, ಎಲ್ಲದರಲ್ಲೂ ಅದೇ. ಇಡೀ ಮನೆಗೆ ಕುಡುಗೋಲು ಬಿದ್ದಂತಿತ್ತು.

ಘಾಟಬೋರಾಳದ ಆಶಾ ಕಾರ್ಯಕರ್ತೆ ಕಮಳಾಬಾಯಿ ಒಂದು ತಾಸಿನಲ್ಲಿ ಘಟಕಕ್ಕೆ ಬಂದಳು. ಐವತ್ತು ದಾಟಿದ, ಯಾರಿಗೂ ಹೆದರದ ಹೆಂಗಸು.

"ಹೌದ್ರಿ, ಮನಿ ಹಿರ್ಯಾಂದು ಒತ್ತಿಸೀನಿ. ರೇಷನ್ ಅಂಗಡ್ಯಾಗ ಒಬ್ರು ಒತ್ತಿದ್ರ ಆರ್ ಮಂದಿ ಅಕ್ಕಿ ಬರ್ತದ. ಇಲ್ಲಿ ಯಾಕ ನಡಿಯಂಗಿಲ್ಲ?"

"ಅಕ್ಕಿ ಬ್ಯಾರೆ, ರಕ್ತ ಬ್ಯಾರೆ ಬಾಯಾರ. ಯಾರ ರಕ್ತ ಅವರೇ ಹೂಂ ಅನಬೇಕು."

"ರಕ್ತ ಕೊಡಾಗ ಹೂಂ ಅಂದಾರಲ್ಲ!"

"ಅದು ಜ್ವರ ನೋಡಾಕ. ಇದು ಸಂಶೋಧನಿಗಿ. ರಾಜೇಶ್ವರ, ಮುಡಬಿ ಆಶಾಗಳೂ ಹಿಂಗೇ ಮಾಡ್ಯಾರೇನು?"

"ನಾನೇ ಕಲಿಸೀನಲ್ಲರಿ ಅವರಿಗಿ. ನೀವೇ ಕಲಿಸು ಅಂದ್ರಿ."

ಅದು ನಿಜ. ಕಮಳಾಬಾಯಿಯ ಫಾರಂಗಳು ಎಲ್ಲಕ್ಕಿಂತ ಚೊಕ್ಕವಾಗಿದ್ದವೆಂದು ಉಳಿದವರಿಗೆ ತರಬೇತಿ ಕೊಡಲು ಅವಳನ್ನೇ ಕಳಿಸಿದ್ದು ಮಹಜಬೀನ್. ಹೆಬ್ಬೆಟ್ಟುಗಳನ್ನು ಮಾತ್ರ ಅವಳು ನೋಡಿರಲಿಲ್ಲ.

ಇಬ್ಬರೂ ಕುಳಿತು ಬೇರ್ಪಡಿಸಿದರು. ಅರವತ್ತೊಂದು ಮನೆ. ಸರಿಯಾದ ಒಪ್ಪಿಗೆಯೂ ಅರವತ್ತೊಂದೇ.

ಮಹಜಬೀನ್ ಡಾಕ್ಟರ್ ಅಜೀತನಿಗೆ ಫೋನ್ ಮಾಡಿ ಲೆಕ್ಕ ಹೇಳಿದಳು. ಅವನು ಅಂದ, "ನನಗ ಕೈದು ಕಾಲಿಂದು ಸೇರಿ ಇಪ್ಪತ್ ಬೆರಳ ಅದಾವ. ಕಂಪೌಂಡರಂದು ಇಪ್ಪತ್ತು."

"ನಗಿಸಬ್ಯಾಡ್ರಿ ಸರ್."

"ನಗಿಸಾಕತ್ತಿಲ್ಲ. ಕೇಳಾಕತ್ತೀನಿ."

"ಬ್ಯಾಡ. ಸುಳ್ಳ ಮ್ಯಾಲ ಮೂರು ವರ್ಷ ಎಣಿಸಿ ಏನ್ ಉಪಯೋಗರಿ? ಎರಡೂವರಿ ದಿನ ಅದ. ಎಂಬತ್ತೊಂಬತ್ತು ಬೇಕು. ನಾನು ಹೊಂಟೆ."

ಸೋದರಮಾವನ ಮಗ ಫಿರೋಜ್‌ಗೆ ಷೇರ್ ಆಟೊ ಇತ್ತು. ಅದರಲ್ಲಿ ಫಾರಂಗಳ ಚೀಲ, ನೀಲಿ ಸ್ಟ್ಯಾಂಪ್ ಪ್ಯಾಡ್ ಎರಡು, ಕೈ ಒರೆಸಲು ಹಳೆಯ ಓಢಣಿ, ಮುಂದೆ ಫಿರೋಜನ ಪಕ್ಕದಲ್ಲಿ ಕಮಳಾಬಾಯಿ. "ಮೌಶಿ, ಹಿಂದ ಕೂಡ್ರಿ, ಗೇರ್ ಹಾಕಾಕ ಜಾಗ ಬಿಡ್ರಿ," ಎಂದ ಫಿರೋಜ್. "ಗೇರ್ ಆಮ್ಯಾಗ ಹಾಕು, ಮೊದಲ ಓಡಿಸು," ಎಂದಳು ಅವಳು.

ಘಾಟಬೋರಾಳದಲ್ಲಿ ಮಹಜಬೀನ್ ಪ್ರತಿಯೊಬ್ಬರಿಗೂ ಫಾರಂ ಓದಿ ಹೇಳಿದಳು. ಯಾವ ರೋಗ, ಉಳಿದ ರಕ್ತದಲ್ಲಿ ಏನು ನೋಡುತ್ತೇವೆ, ಬೇಡ ಅಂದರೂ ಔಷಧಿ ನಿಲ್ಲುವುದಿಲ್ಲ. ಮೊದಲ ಐದು ಮನೆಗೆ ಒಂದೂವರೆ ತಾಸು ಹೋಯಿತು. ಆಮೇಲೆ ಸುದ್ದಿ ಹರಡಿತು. ಸಿದ್ದಪ್ಪನ ಮುದಿ ತಾಯಿ, "ನಂದೂ ಬೇಕಾ? ನಂದ್ಯಾಕ ಬೇಕು? ನನ್ನ ಮಗ ಒತ್ಯಾನಲ್ಲ" ಎನ್ನುತ್ತ ಬಂದು, ಬೆರಳನ್ನು ಪ್ಯಾಡಿಗೆ ಒತ್ತಿ, ಕಾಗದದ ಮೇಲೆ ತನ್ನ ಗುರುತನ್ನು ಕಣ್ಣು ಕಿರಿದು ಮಾಡಿ ನೋಡಿದಳು. "ಗೆರಿ ಹೋಗ್ಯಾವ, ಪೂರಾ ಸವದಾವ. ಪಾತ್ರಿ ತಿಕ್ಕಿ ತಿಕ್ಕಿ." ಎಲ್ಲರೂ ನಕ್ಕರು. ಎರಡನೇ ಸಲ ಜೋರಾಗಿ ಒತ್ತಿದಾಗ ನಾಲ್ಕು ಗೆರೆ ಬಂದವು. ಬುಧವಾರ ಹೊತ್ತು ಮುಳುಗುವ ಮೊದಲು ನಲವತ್ತೊಂದು. ಒಟ್ಟು ನೂರಾ ಎರಡು.

ದೀಪಾವಳಿ ಮುಗಿದಿತ್ತು. ಹಲವು ಮನೆಗಳ ದುಡಿಯುವವರು ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋಗಿದ್ದರು. ಬೀಗ ಹಾಕಿದ ಬಾಗಿಲು ಕಂಡಾಗಲೆಲ್ಲ ಕಮಳಾಬಾಯಿ ತನ್ನನ್ನೇ ಬೈದುಕೊಂಡಳು.

ಗುರುವಾರ ರಾಜೇಶ್ವರ. ಅಲ್ಲಿ ಧನಶ್ರೀ ಎಂಬ ಸೊಸೆ ತನ್ನ ಹಳೆಯ ಫಾರಂ ನೋಡಿ ಕೆಂಪಾದಳು. "ನಾನು ಬಿ.ಎ. ಮಾಡೀನಿ. ನನ್ನ ಫಾರಂ ಮ್ಯಾಲ ಮಾಂವನ ಹೆಬ್ಬೆಟ್ಟಾ?"

"ಅದಕ್ಕೇ ಬಂದೀನ್ರಿ ಅಕ್ಕಾ. ನೀವು ಸಹಿ ಮಾಡ್ರಿ."

ಧನಶ್ರೀ ಸಹಿ ಮಾಡಲಿಲ್ಲ. ಕಟ್ಟೆಯ ಮೇಲೆ ಕುಳಿತು ನಾಲ್ಕೂ ಪುಟ ಓದಿದಳು. ಮೂರು ಊರುಗಳಲ್ಲಿ ಹಾಗೆ ಓದಿದವಳು ಅವಳೊಬ್ಬಳೇ. ಮೂರನೆಯ ಪುಟದ ಮೇಲೆ ಬೆರಳಿಟ್ಟಳು. "ಹತ್ತು ವರ್ಷ ಇಡ್ತೀವಿ ಅಂತ ಅದ. ಎಲ್ಲಿ ಇಡ್ತೀರಿ? ಯಾರು ಮುಟ್ತಾರ?"

ಮಹಜಬೀನಳಿಗೆ ಗೊತ್ತಿರಲಿಲ್ಲ. ಆ ಸಾಲನ್ನು ಅವಳು ಬೇರೊಂದು ಅರ್ಜಿಯಿಂದ ಎತ್ತಿ ಹಾಕಿದ್ದಳು. "ಇನ್ನಾ ಗೊತ್ತಿಲ್ಲರಿ," ಎಂದಳು.

"ಮತ್ತ ನಾನ್ ಹ್ಯಾಂಗ ಒಪ್ಪಲಿ? ಬ್ಯಾಡ."

ಕಮಳಾಬಾಯಿ ಕಿವಿಯಲ್ಲಿ, "ಅವರತ್ತಿ ಕಡಿಂದ ಹೇಳಿಸ್ತೀನಿ, ಒತ್ತತಾಳ," ಎಂದಳು. ಮಹಜಬೀನ್ ಅವಳ ರಟ್ಟೆ ಹಿಡಿದು ಆಟೊಗೆ ಎಳೆದುಕೊಂಡು ಬಂದಳು. ಧನಶ್ರೀಯ ಮಾದರಿ ಪಾಸಿಟಿವ್ ಆಗಿತ್ತು. ಅವಳಿಗೆ ಔಷಧಿ ಆಗಲೇ ಮುಟ್ಟಿತ್ತು. ಮಾದರಿ ಮಾತ್ರ ಇನ್ನು ಅಧ್ಯಯನಕ್ಕೆ ಇಲ್ಲ.

ಆಟೊದಿಂದಲೇ ಅವಳು ಅಜೀತನಿಗೆ ಫೋನ್ ಮಾಡಿದಳು. "ಸರ್, ಯೋಜನ್ಯಾಗ ಹತ್ತು ವರ್ಷ ತೆಗೀರಿ. ಮೂರೇ ವರ್ಷ, ಹುಮನಾಬಾದಿನಾಗೇ ಇಡ್ತೀವಿ, ಚಾವಿ ಯಾರ ಹತ್ರ ಇರ್ತದ ಅಂತ ಹೆಸರು ಹಾಕಿ ಬರೀರಿ. ಆ ಫ್ರೀಜರಿಗಿ ಜನರೇಟರ್ ಬಜೆಟ್‌ನ್ಯಾಗ ಸೇರಿಸ್ರಿ."

"ಈಗ ಬಜೆಟ್ ಬದಲಿ ಮಾಡಾಕ ಹೇಳ್ತಿಯೇನು? ನಾಳಿ ಕಡೀ ದಿನ!"

"ಅದಕ್ಕೇ ಇವತ್ತ ಹೇಳಾಕತ್ತೀನ್ರಿ."

ಗುರುವಾರ ಇಪ್ಪತ್ತೆಂಟು. ಒಟ್ಟು ನೂರಾ ಮೂವತ್ತು.

ಶುಕ್ರವಾರ ಮುಡಬಿ. ಹನ್ನೆರಡೂವರೆಗೆ ನೂರಾ ನಲವತ್ತೆಂಟು ಆಗಿತ್ತು, ಕೇಳಲು ಮನೆಗಳು ಉಳಿದಿರಲಿಲ್ಲ. ಗಂಡಸರು ಒಬ್ಬರೂ ಮನೆಯಲ್ಲಿಲ್ಲ. ಎರಡು! ಎರಡೇ ಎರಡು! ಮಹಜಬೀನ್ ನೀಲಿಯಾದ ಬೆರಳಿನಿಂದ ಪಟ್ಟಿಯನ್ನು ಮತ್ತೆ ಮೇಲಿನಿಂದ ಎಣಿಸಿದಳು. ಫಿರೋಜ್ ನೀರು ಕುಡಿದು ತಲೆಗೆ ಟೋಪಿ ಹಾಕಿಕೊಂಡ.

"ಎಲ್ಲಿಗಿ ಭಾಯ್?"

"ಇವತ್ತ ಜುಮ್ಮಾ ಅಲ್ಲೇನ? ಗಂಡಸರು ಎಲ್ಲಿರ್ತಾರ? ನೀ ಹೊರಗ ಬೇವಿನ ಗಿಡದ ಕೆಳಗ ಕೂಡು, ನಾ ನಮಾಜ್ ಮುಗಿಸಿ ಹಿಡ್ಕೊಂಡ್ ಬರ್ತೀನಿ."

ನಮಾಜು ಮುಗಿದು ಮಸೀದಿಯಿಂದ ಜನ ಹೊರಬಂದರು. ಮೊದಲು ಅಕ್ರಮ್ ಎಂಬ ಕುರಿ ವ್ಯಾಪಾರಿ ಬಂದ, ಅವನ ಹಿಂದೆ ಅವನ ತಮ್ಮ, ಅವನ ಹಿಂದೆ ಶಿಬಿರದಲ್ಲಿ ರಕ್ತ ಕೊಟ್ಟಿದ್ದ ಇನ್ನೂ ಏಳು ಜನ. ಕಮಳಾಬಾಯಿ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, "ಒಬ್ಬೊಬ್ರೇ ಬರ್ರಿ! ಅಣ್ಣಂದು ತಮ್ಮಗ ನಡಿಯಂಗಿಲ್ಲ! ತಮ್ಮಂದು ಅಣ್ಣಗ ನಡಿಯಂಗಿಲ್ಲ!" ಎಂದು ಕೂಗಿದಳು. ಮಹಜಬೀನ್ ಒಬ್ಬೊಬ್ಬನಿಗೂ ಓದಿದಳು, ಗಂಟಲು ಕಟ್ಟುವವರೆಗೆ ಓದಿದಳು. ನೂರಾ ಐವತ್ತೇಳು.

ಫಿರೋಜ್ ಆ ಆಟೊವನ್ನು ಅಷ್ಟು ಜೋರಾಗಿ ಎಂದೂ ಓಡಿಸಿರಲಿಲ್ಲ. ಬಸವಕಲ್ಯಾಣದಲ್ಲಿ ಅಜೀತ ಸ್ಕ್ಯಾನರ್ ಬಿಸಿ ಮಾಡಿಕೊಂಡು ಕಾದಿದ್ದ. ಬಜೆಟ್ ಬದಲಾಗಿತ್ತು. ನಾಲ್ಕು ಗಂಟೆ ನಲವತ್ತೊಂದು ನಿಮಿಷಕ್ಕೆ ಅರ್ಜಿ ಹೋಯಿತು. ಸ್ವೀಕರಿಸಲಾಗಿದೆ ಎಂಬ ಸಾಲು ತೆರೆಯ ಮೇಲೆ ಬಂದಾಗ ಕಮಳಾಬಾಯಿ ಡಾಕ್ಟರನ ಬೆನ್ನಿಗೆ ಗುದ್ದಿದಳು.

ಜನವರಿಯಲ್ಲಿ ಮಂಡಳಿಯಿಂದ ಪತ್ರ ಬಂತು. ಮೂರು ವರ್ಷ, ಹದಿನಾಲ್ಕು ಊರು, ಜನರೇಟರ್ ಸಮೇತ ಮಂಜೂರು. ಮಹಜಬೀನ್ ಪತ್ರವನ್ನು ನಿಂತೇ ಓದಿದಳು, ಘಟಕದ ತುಂಬ ಓಡಾಡಿದಳು, ಅಪ್ಪನಿಗೆ ಫೋನ್ ಮಾಡಿ ಬರೀ ನಕ್ಕಳು. ಎರಡನೆಯ ಪುಟದಲ್ಲಿ ಒಂದು ಷರತ್ತಿತ್ತು. ಫೆಬ್ರವರಿ ಒಂದಕ್ಕೆ ಅಧ್ಯಯನ ಶುರುವಾಗುವ ಮೊದಲು, ಒಪ್ಪಿಗೆ ಇಲ್ಲದ ಮಾದರಿಗಳನ್ನು ನಾಶಪಡಿಸಬೇಕು. ಕಬ್ಬು ಕಡಿಯುವವರು ಮರಳುವುದು ಯುಗಾದಿಯ ಹೊತ್ತಿಗೆ.

ಜನವರಿ ಮೂವತ್ತರಂದು ಅವಳು ಕೈಗವಸು ತೊಟ್ಟು ಒಂದೊಂದೇ ಸೀಸೆಯನ್ನು ಬ್ಲೀಚಿಂಗ್ ನೀರಿಗೆ ಸುರಿದಳು. ಕಮಳಾಬಾಯಿ ಪಕ್ಕದಲ್ಲಿ ನಿಂತು ನಂಬರು ಹೊಡೆದು ಹಾಕಿದಳು. ಕಬ್ಬಿಗೆ ಹೋದವರದು ಮೂವತ್ತೊಂದು. ಎಲ್ಲಿದ್ದಾರೆಂದು ತಿಳಿಯದವರದು ಹದಿನೇಳು. ಬೇಡ ಅಂದವರದು ಆರು. ಸತ್ತವನದು ಒಂದು. ಒಟ್ಟು ಐವತ್ತೈದು. ಅದರಲ್ಲಿ ಪಾಸಿಟಿವ್ ಹನ್ನೊಂದು.