ತಾಜ್ ಬೀಯ ಮೊಣಕಾಲು ನೋವು

ಹೊಸದುರ್ಗದ ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿರುವ ತಾಜ್ ಪೇಂಟ್ಸ್ ಅಂಗಡಿಯ ಯಜಮಾನರು ಯಾರು ಅಂತ ಕೇಳಿದರೆ ಊರವರೆಲ್ಲ ಶಾಕಿರ್ ಅನ್ನುತ್ತಾರೆ. ಶಾಕಿರನೂ ಹಾಗೇ ಅನ್ನುತ್ತಾನೆ. ಆದರೆ ಲೈಸೆನ್ಸು, ಜಿಎಸ್‌ಟಿ, ಬಣ್ಣದ ಕಂಪನಿಯ ಡೀಲರ್‌ಶಿಪ್ಪು ಎಲ್ಲವೂ ಇರುವುದು ಅವನ ತಾಯಿ ತಾಜ್ ಬೀಯ ಹೆಸರಿನಲ್ಲಿ. ಹೆಂಗಸರ ಹೆಸರಿನಲ್ಲಿದ್ದರೆ ಬ್ಯಾಂಕಿನ ಕೆಲಸ ಸಲೀಸು ಅಂತ ಯಾರೋ ಹೇಳಿದ್ದರು, ಶಾಕಿರ್ ಹಾಗೇ ಮಾಡಿಸಿದ್ದ. ನಮ್ಮ ಕಡೆ ಅರ್ಧ ಅಂಗಡಿಗಳು ನಡೆಯುವುದೇ ಹೀಗೆ. ಬೋರ್ಡಿನ ಮೇಲೆ ಅಮ್ಮ, ಗಲ್ಲಾಪೆಟ್ಟಿಗೆಯ ಹಿಂದೆ ಮಗ. ಚೆಕ್ಕಿಗೆ ಸಹಿ ಬೇಕಾದಾಗ ತಾಜ್ ಬೀ ಒಲೆ ಸಣ್ಣ ಮಾಡಿ, ಸೆರಗಿಗೆ ಕೈ ಒರೆಸಿಕೊಂಡು, ತೋರಿಸಿದಲ್ಲಿ ಸಹಿ ಹಾಕಿ, ಮತ್ತೆ ಒಲೆ ದೊಡ್ಡದು ಮಾಡುತ್ತಿದ್ದಳು.

ಈ ವರ್ಷ ಬಣ್ಣ ಚೆನ್ನಾಗಿ ಹೋಯಿತು. ಬಾಗೂರು, ಶ್ರೀರಾಂಪುರದ ಕಡೆಯಿಂದೆಲ್ಲ ಹೊಸ ಮನೆ ಕಟ್ಟಿದವರು ಬಂದು ಡಬ್ಬಗಟ್ಟಲೆ ಕೊಂಡರು. ಕಂಪನಿಯವರು ಹೆಚ್ಚು ಮಾರಿದ ಡೀಲರುಗಳಿಗೆ ಯುರೋಪ್ ಪ್ರವಾಸ ಇಟ್ಟಿದ್ದರು. ಒಂದು ತಂಡ ಲಂಡನ್ನಿಗೆ, ಇನ್ನೊಂದು ಪ್ಯಾರಿಸ್ಸಿಗೆ. ಇಬ್ಬರಿಗೆ ಟಿಕೆಟ್ಟು, ಊರು ಯಾವುದು ಅಂತ ಡೀಲರೇ ಹೇಳಬೇಕು.

ಸುದ್ದಿ ಬಂದ ದಿನದಿಂದ ಶಾಕಿರನ ಮನೆಯಲ್ಲಿ ಬೇರೆ ಮಾತೇ ಇಲ್ಲ. ಅವನಿಗೆ ಲಂಡನ್. ಕ್ರಿಕೆಟ್ಟಿನ ಆ ದೊಡ್ಡ ಮೈದಾನದ ಹುಲ್ಲನ್ನು ಒಮ್ಮೆ ಮುಟ್ಟಿ ಬರಬೇಕು. ಅವನ ಹೆಂಡತಿ ಶಾಹಿಸ್ತಾಳಿಗೆ ಪ್ಯಾರಿಸ್.

"ಹುಲ್ಲು ಮುಟ್ಟಾಕೆ ಅಷ್ಟು ದೂರ ಯಾಕ್ರಿ ಹೋಗ್ಬೇಕು? ಇಲ್ಲೇ ಹೈಸ್ಕೂಲ್ ಫೀಲ್ಡಿಗೆ ಹೋಗಿ ಮುಟ್ಟಿ ಬರ್ರಿ," ಅನ್ನುತ್ತಿದ್ದಳು ಅವಳು.

"ಮತ್ತೆ ನಿನ್ನ ಕಬ್ಬಿಣದ ಟವರ್ರು? ಮೊಬೈಲ್ ಟವರ್ ನಮ್ಮ ಮನೆ ಹಿಂದೇನೇ ಐತಲ್ಲ," ಅನ್ನುತ್ತಿದ್ದ ಅವನು.

ಮನೆಯೊಳಗೆ ಉರ್ದು, ಅಂಗಡಿಯಲ್ಲಿ ಕನ್ನಡ, ಜಗಳಕ್ಕೆ ಎರಡೂ ಎನ್ನುವ ಮನೆ ಅದು. ಜಗಳವೆಂದರೂ ಸಂತೋಷದ ಜಗಳ. ರೊಟ್ಟಿ ಬಡಿಸುತ್ತ ತಾಜ್ ಬೀ ಇಬ್ಬರ ಮಾತನ್ನೂ ಕೇಳುತ್ತಿದ್ದಳು. ಯಾರ ಪಕ್ಷವನ್ನೂ ವಹಿಸಲಿಲ್ಲ. ನಿನಗೆ ಯಾವುದು ಇಷ್ಟ ಅಂತ ಅವಳನ್ನು ಯಾರೂ ಕೇಳಲೂ ಇಲ್ಲ.

ಆಮೇಲೆ ಕಂಪನಿಯ ರಾಜಶೇಖರ್ ಚಿತ್ರದುರ್ಗದಿಂದ ಫೋನು ಮಾಡಿದ. "ಶಾಕಿರ್ ಭಾಯ್, ಒಂದು ತೊಡಕೈತೆ. ಟಿಕೆಟ್ಟು ಓನರ್ ಹೆಸರಿಗೆ. ಅಂದ್ರೆ ನಿಮ್ಮ ಅಮ್ಮ, ಅವರ ಜತೆಗೆ ಇನ್ನೊಬ್ಬರು. ಅಮ್ಮಗೆ ಆಗಲ್ಲ ಅಂದ್ರೆ ಅವರೇ ವಿಡಿಯೋ ಕಾಲ್‌ನಾಗೆ ಹೇಳ್ಬೇಕು. ಹೇಳಿದ್ರೆ ನಿಮ್ಮಿಬ್ಬರ ಹೆಸರು ಹಾಕ್ತೀನಿ."

ಶಾಕಿರ್ ಫೋನಿಟ್ಟು ಹೆಂಡತಿಯ ಮುಖ ನೋಡಿದ. ಅವಳು ಅವನ ಮುಖ ನೋಡಿದಳು. ಹೋಗುತ್ತೇವೆಂದು ಹಿರಿಯೂರಿನ ತವರಿಗೆ, ಹೊಳಲ್ಕೆರೆಯ ನಾದಿನಿಗೆ, ಬೀದಿಯವರಿಗೆಲ್ಲ ಅವರು ಆಗಲೇ ಸಾರಿಬಿಟ್ಟಿದ್ದರು. ಸೂಟ್‌ಕೇಸೂ ಬಂದಿತ್ತು. ಅಮ್ಮನ ಹತ್ತಿರ ಪಾಸ್‌ಪೋರ್ಟ್ ಇಲ್ಲ ಅನ್ನೋಣವೆಂದರೆ, ಮೆಕ್ಕಾಗೆ ಉಮ್ರಾ ಯಾತ್ರೆಗೆಂದು ಮಾಡಿಸಿದ್ದು ಬೀರುವಿನಲ್ಲೇ ಇತ್ತು.

"ಅಮ್ಮಿಗೆ ಮೊಣಕಾಲು ನೋವು ಅಂದ್ರಾಯ್ತು," ಎಂದ ಶಾಕಿರ್.

ಈ ಮಾತು ಅಷ್ಟು ಸುಲಭವಾಗಿ ಅವನ ಬಾಯಿಗೆ ಬಂದದ್ದು ಹೇಗೋ. ತಾಜ್ ಬೀಯ ಮೊಣಕಾಲುಗಳು ಗುಂಡುಕಲ್ಲಿನ ಹಾಗೆ ಗಟ್ಟಿಯಾಗಿದ್ದವು. ಹೋದ ವರ್ಷ ನೆಂಟರ ಜೊತೆ ದುರ್ಗದ ಕೋಟೆಗೆ ಹೋದಾಗ ಶಾಕಿರ್ ಅರ್ಧ ದಾರಿಯಲ್ಲೇ ಏದುಸಿರು ಬಿಡುತ್ತ ಕೂತು ಸೌತೆಕಾಯಿ ತಿಂದಿದ್ದ. ತಾಜ್ ಬೀ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ಮೇಲಿನವರೆಗೂ ಹೋಗಿ ಬಂದಿದ್ದಳು. ಮನೆಯ ಮಾಳಿಗೆಗೆ ದಿನವೂ ಬಟ್ಟೆ ಒಣಹಾಕಲು ಹತ್ತುವವಳು ಅವಳೇ. ಸೊಸೆ ಹೋಗುತ್ತೇನೆಂದರೂ ಬಿಡುತ್ತಿರಲಿಲ್ಲ. ಮೇಲೆ ಗಾಳಿ ಚೆನ್ನಾಗಿರುತ್ತದೆ, ಅದು ನನ್ನ ಪಾಲು ಅನ್ನುತ್ತಿದ್ದಳು.

ಶಾಕಿರ್ ಅಡುಗೆಮನೆಗೆ ಹೋಗಿ, ಅಮ್ಮನ ಮುಖ ನೋಡದೆ, ಕೊತ್ತಂಬರಿ ಕಟ್ಟು ಬಿಚ್ಚುತ್ತ ಹೇಳಿದ. ಅಲ್ಲಿ ಚಳಿ, ಊಟ ಹಿಡಿಸಲ್ಲ, ವಿಪರೀತ ನಡಿಗೆ, ಭಾಷೆ ಬರಲ್ಲ. ಅದಕ್ಕೇ ಹೀಗೊಂದು ಮಾತು ಹೇಳಿಬಿಡು ಅಂದ.

"ಎಡಗಾಲೋ ಬಲಗಾಲೋ?" ಕೇಳಿದಳು ತಾಜ್ ಬೀ.

"ಯಾವ್ದೋ ಒಂದು, ಅಮ್ಮಿ."

"ಹಂಗಲ್ಲ ಬೇಟಾ. ಕೇಳಿದ್ರೆ ಒಂದೇ ಹೇಳ್ಬೇಕಲ್ಲ. ಎಡಗಾಲು ಅಂತೀನಿ."

ಆಗಲೇ ಶಾಕಿರನ ಮನಸ್ಸು ಚುರುಕ್ ಎಂದಿತು. ಆದರೂ ಅವನು ಕೊತ್ತಂಬರಿ ಕಟ್ಟನ್ನು ಅಲ್ಲಿಟ್ಟು, ಫೋನು ತಂದು ಅವಳ ಮುಂದೆ ಹಿಡಿದ.

ರಾಜಶೇಖರ್ ಪರದೆಯಲ್ಲಿ ಕಂಡ. ನಮಸ್ಕಾರ ಮಾಡಿದ. ಮಗ ಹೇಳಿಕೊಟ್ಟದ್ದನ್ನು ತಾಜ್ ಬೀ ಒಂದಕ್ಷರ ಬಿಡದೆ ಹೇಳಿದಳು. ಎಡಗಾಲು ಹಿಡಿದುಕೊಂಡುಬಿಟ್ಟಿದೆ, ಮೆಟ್ಟಿಲು ಹತ್ತಲು ಆಗುವುದಿಲ್ಲ, ಮಗ ಸೊಸೆ ಹೋಗಿ ಬರಲಿ. ಸುಳ್ಳು ಹೇಳಿ ಅಭ್ಯಾಸವಿಲ್ಲದ ಹೆಂಗಸು, ಪಾಠ ಒಪ್ಪಿಸುವಂತೆ ನೆಟ್ಟಗೆ ಕೂತು ಹೇಳಿದಳು.

ರಾಜಶೇಖರ್ ಅಷ್ಟಕ್ಕೇ ಬಿಡಬಹುದಿತ್ತು. ಒಳ್ಳೆಯ ಮನುಷ್ಯ, ಮಾತು ಮುಂದುವರಿಸಿದ. "ಅಲ್ಲ ಅಮ್ಮ, ಕಾಲು ಸರಿ ಇದ್ದಿದ್ರೆ ಯಾವ್ದು ಆರಿಸ್ತಿದ್ರಿ? ಲಂಡನ್ನೋ ಪ್ಯಾರಿಸ್ಸೋ?"

"ಪ್ಯಾರಿಸ್," ಎಂದಳು ತಾಜ್ ಬೀ. ಒಂದು ಕ್ಷಣವೂ ಯೋಚಿಸಲಿಲ್ಲ.

ಒಗ್ಗರಣೆ ಹಾಕುತ್ತಿದ್ದ ಶಾಹಿಸ್ತಾ ತಿರುಗಿ ನೋಡಿದಳು.

"ನಮ್ಮ ಯಜಮಾನರು ಬೋರ್ಡ್ ಬರೀತಿದ್ರಪ್ಪ, ಹಜರತ್ ಅಲಿ ಅಂತ," ತಾಜ್ ಬೀ ಹೇಳತೊಡಗಿದಳು. "ಶ್ರೀರಾಂಪುರದಾಗೆ ಚಿತ್ತಪ್ಪನ ಸ್ಟುಡಿಯೋ ಇತ್ತು. ಫೋಟೋ ತೆಗೆಯೋವಾಗ ಹಿಂದೆ ಬಿಡೋ ಪರದೆಗೆ ಆ ಪ್ಯಾರಿಸ್ ಟವರ್ರು ಬರ್ಕೊಡು ಅಂದ. ನೋಡ್ಕೊಂಡು ಬರಿಯಾಕೆ ಒಂದು ಕ್ಯಾಲೆಂಡರ್ ಕೊಟ್ಟ. ಆ ಕ್ಯಾಲೆಂಡರ್‌ನಾಗೆ ಮೇಲಿನ ಅರ್ಧ ಮಾತ್ರ ಇತ್ತು. ಕೆಳಗೆ ಜವಳಿ ಅಂಗಡಿ ಹೆಸರು. ಬುಡದಾಗೆ ಏನು ಹಾಕ್ಲಿ ಅಂತ ನನ್ನ ಕೇಳಿದ್ರು. ನಾನು ಕೆರೆ ಹಾಕ್ರಿ, ತಾವರೆ ಹೂವು ಹಾಕ್ರಿ ಅಂದೆ. ನೀಲಿ ಬಣ್ಣ ನಾನೇ ಕಲಸಿಕೊಟ್ಟೆ. ಸುತ್ತಮುತ್ತ ಎಷ್ಟು ಮದುಮಕ್ಕಳು ಅದರ ಮುಂದೆ ನಿಂತು ಫೋಟೋ ತೆಗೆಸ್ಕಂಡ್ರೋ. ಈ ಶಾಕಿರ್ ಕೂಸಿದ್ದಾಗಿನ ಫೋಟೋನೂ ಅದರ ಮುಂದೇನೇ."

ಮುಂದೆ ಊರಿಗೆ ಟೀವಿ ಬಂದ ಮೇಲೆ, ಟವರಿನ ಬುಡದಲ್ಲಿ ಕೆರೆ ಇಲ್ಲ ಅನ್ನುವ ಗುಟ್ಟು ರಟ್ಟಾಯಿತಂತೆ. ಕೆರೆಯೊಳಗೆ ಟವರ್ ನಿಲ್ಲಿಸಿದ ಪೇಂಟರ್ ಅಂತ ಎಲ್ಲರೂ ಹಜರತ್ ಅಲಿಯನ್ನು ಆಡಿಕೊಂಡರು. ಅವನು ನಕ್ಕು ಸುಮ್ಮನಾದ. ಕೆರೆ ನನ್ನ ಹೆಂಡತಿ ಹಾಕಿಸಿದ್ದು ಅಂತ ಸಾಯುವವರೆಗೂ ಯಾರಿಗೂ ಹೇಳಲಿಲ್ಲ.

"ಈಗ ಸೊಸೆ ಫೋನಲ್ಲಿ ತೋರಿಸಿದ್ಲು," ಎಂದಳು ತಾಜ್ ಬೀ. "ಟವರ್ ಪಕ್ಕದಾಗೇ ಒಂದು ಹೊಳೆ ಐತಂತೆ. ಹಂಗಾದ್ರೆ ಅವರು ಬರೆದಿದ್ದು ಪೂರಾ ಸುಳ್ಳಲ್ಲ ಅಲ್ವೇನಪ್ಪ? ಬುಡದಾಗೆ ನಿಂತ್ರೆ ನೀರು ಕಾಣತೈತಾ ಅಂತ ಒಂದ್ಸಾರಿ ನೋಡ್ಬೇಕಿತ್ತು." ಅಷ್ಟು ಹೇಳಿದ ಮೇಲೆ ಅವಳಿಗೆ ತನ್ನ ಪಾಠ ನೆನಪಾಯಿತು. "ಕಾಲು ನೋಡಪ್ಪ, ಹಿಂಗೈತೆ," ಎಂದು ಎಡ ಮೊಣಕಾಲನ್ನು ಒತ್ತಿಕೊಂಡಳು.

ಆ ರಾತ್ರಿ ಊಟದಲ್ಲಿ ಯಾರೂ ಊರಿನ ಹೆಸರೆತ್ತಲಿಲ್ಲ. ಮರುದಿನ ಅಂಗಡಿಗೆ ಹೊರಡುವಾಗ ಶಾಕಿರ್ ಹೆಂಡತಿಗೆ ದೊಡ್ಡ ಮನಸ್ಸು ಮಾಡಿದವನಂತೆ ಹೇಳಿದ. "ಪ್ಯಾರಿಸ್ಸೇ ಆಗ್ಲಿ ಬಿಡು. ಅಲ್ಲಿಂದ ಅಮ್ಮಿಗೆ ವಿಡಿಯೋ ಕಾಲ್ ಮಾಡಿ ತೋರಿಸಾಣ."

ಶಾಹಿಸ್ತಾ ಸಿಟ್ಟಿನಿಂದ ಪಾತ್ರೆ ಕುಕ್ಕಿದಳು. "ಅದರ ಬುಡದಾಗೆ ನಿಂತು ಫೋನಲ್ಲಿ ಅವರ ಮುಖ ನೋಡಾಕೆ ನಿಮಗೆ ಆಗತೈತೇನ್ರಿ? ನನಗಾಗಲ್ಲ. ಲಂಡನ್ನಿಗೇ ಹೋಗಾಣ."

ಹೀಗೆ ಲಂಡನ್ ಗೆದ್ದಿತು. ಅಷ್ಟು ದಿನ ಅದಕ್ಕಾಗಿ ಹಟ ಹಿಡಿದಿದ್ದ ಶಾಕಿರನಿಗೆ ಗೆದ್ದ ಖುಷಿ ಎಳ್ಳಷ್ಟೂ ಇರಲಿಲ್ಲ. ಮೂರನೆಯ ದಾರಿಯೊಂದು ಇತ್ತು, ಇಬ್ಬರಿಗೂ ಗೊತ್ತಿತ್ತು. ಅಮ್ಮನನ್ನು ಕರೆದುಕೊಂಡು ಇಬ್ಬರಲ್ಲಿ ಒಬ್ಬರು ಪ್ಯಾರಿಸ್ಸಿಗೆ ಹೋಗಿ ಬರುವುದು. ಅದನ್ನು ಬಾಯಿಬಿಟ್ಟು ಹೇಳಿದವರೇ ಮನೆಯಲ್ಲಿ ಉಳಿಯಬೇಕಾಗುತ್ತದೆಂದು ಇಬ್ಬರೂ ಹೇಳಲಿಲ್ಲ.

ಅಂಗಡಿಯಲ್ಲಿ ಕೂತು ಶಾಕಿರ್ ರಾಜಶೇಖರನ ನಂಬರು ತೆಗೆಯುವುದು, ಫೋನು ಕೆಳಗಿಡುವುದು ಮಾಡಿದ. ಏನಂತ ಹೇಳುವುದು? ಅಮ್ಮನಿಗೆ ಕಾಲು ನೋವಿಲ್ಲ ಅಂದರೆ ಅವಳು ಸುಳ್ಳು ಹೇಳಿದಳು ಅಂತಾಗುತ್ತದೆ. ಹೊರಗಿನವರ ಎದುರು ಹೆತ್ತವಳ ಮರ್ಯಾದೆ ಕಳೆಯಬಾರದಲ್ಲ? ನೆಪಕ್ಕೆ ಅಮ್ಮನ ಮರ್ಯಾದೆ ಅವನಿಗೆ ಚೆನ್ನಾಗಿಯೇ ಒದಗಿ ಬಂತು. ನಾನೇ ಹೇಳಿಕೊಟ್ಟೆ ಅನ್ನುವ ಒಂದೇ ಮಾತಿನಿಂದ ಎಲ್ಲ ಸರಿಹೋಗುತ್ತಿತ್ತು. ಆ ಮಾತನ್ನು ನುಂಗಿಕೊಂಡು ಅವನು ಗಿರಾಕಿಗಳಿಗೆ ಗೋಡೆಯ ಬಣ್ಣ ತೋರಿಸಿದ.

ವಾರದ ಕೊನೆಗೆ ರಾಜಶೇಖರ್ ವೀಸಾದ ಕಾಗದಕ್ಕೆ ಸಹಿ ಹಾಕಿಸಲು ಮನೆಗೇ ಬಂದ. "ಬರ್ರಿ, ಕುಂತ್ಕಳ್ರಿ," ಎಂದು ಶಾಕಿರ್ ಕುರ್ಚಿ ಎಳೆದ. ಒಳಗಿನಿಂದ ತಾಜ್ ಬೀ ಚಹಾ ತಂದಳು. ಒಂದು ಕೈಯಲ್ಲಿ ತಟ್ಟೆ, ಇನ್ನೊಂದು ಕೈ ಗೋಡೆಯ ಮೇಲೆ. ಎಡಗಾಲನ್ನು ಎಳೆದುಕೊಂಡು ಬಂದಳು.

ರಾಜಶೇಖರ್ ಎದ್ದು ತಟ್ಟೆ ಇಸಿದುಕೊಂಡ. "ನೀವ್ಯಾಕಮ್ಮ ತರಾಕೆ ಹೋದ್ರಿ?" ಎಂದು, ಶಾಕಿರನ ಕಡೆ ತಿರುಗಿದ. "ಭಾಯ್, ಒಂದು ಮಾತು. ಹೆಸರು ಬದ್ಲಾಯಿಸಾಕೆ ಇನ್ನೂ ಟೈಮೈತೆ. ಪ್ಯಾರಿಸ್ ತಂಡದಾಗೂ ಜಾಗ ಐತೆ. ಡಾಕ್ಟರಿಗೆ ಒಂದ್ಸಲ ತೋರಿಸ್ರಿ. ವ್ಹೀಲ್ ಚೇರ್ ವ್ಯವಸ್ಥೆ ಬೇಕಾದ್ರೂ ಮಾಡಿಸ್ತೀನಿ."

ಶಾಕಿರ್ ಕಾಗದ ಬದಿಗಿಟ್ಟ. ಈಗಲೇ ಹೇಳಬೇಕು. ಬಾಯಿ ತೆರೆದ. ಬಾಗಿಲ ಬಳಿ ನಿಂತ ಶಾಹಿಸ್ತಾ ಹೇಳಿಬಿಡಲಿ ಅನ್ನುವಂತೆಯೂ, ಬೇಡ ಅನ್ನುವಂತೆಯೂ ಅವನನ್ನೇ ನೋಡುತ್ತಿದ್ದಳು. ಕೊನೆಗೆ ಮಗನ ಕಷ್ಟ ನೋಡಲಾರದೆ ತಾಜ್ ಬೀಯೇ ಮಾತಾಡಿದಳು.

"ಬ್ಯಾಡಪ್ಪ. ಈ ಕಾಲು ಕಟ್ಕಂಡು ಎಲ್ಲಿಗೆ ಹೋಗ್ಲಿ? ಹುಡುಗ್ರು ಹೋಗಿ ಬರ್ಲಿ."

ಶಾಕಿರ್ ಬಾಯಿ ಮುಚ್ಚಿಕೊಂಡ. ಕಾಗದದಲ್ಲಿ ತೋರಿಸಿದ ಕಡೆ ಸಹಿ ಹಾಕಿದ.

ರಾಜಶೇಖರನ ಕಾರು ತಿರುವಿನಲ್ಲಿ ಮರೆಯಾಯಿತು. ತಾಜ್ ಬೀ ಖಾಲಿ ಲೋಟಗಳನ್ನು ತೆಗೆದುಕೊಂಡು, ಗೋಡೆ ಹಿಡಿದು, ಕಾಲೆಳೆಯುತ್ತ ಒಳಗೆ ನಡೆದಳು. ಶಾಕಿರನಿಗೆ ನೋಡಲಾಗಲಿಲ್ಲ.

"ಅವರು ಹೋದ್ರು, ಅಮ್ಮಿ."

"ಗೊತ್ತು ಬೇಟಾ." ಅವಳು ಕಾಲೆಳೆಯುವುದನ್ನು ನಿಲ್ಲಿಸಲಿಲ್ಲ. "ನೀವು ಹೋದ ಮ್ಯಾಲೆ ಇಡೀ ಬೀದಿ ಬಂದು ಕೇಳತೈತಲ್ಲ, ಮಗ ನಿನ್ನ ಯಾಕೆ ಕರ್ಕಂಡು ಹೋಗ್ಲಿಲ್ಲ ಅಂತ. ಈಗ್ಲಿಂದ್ಲೇ ರೂಢಿ ಆಗ್ಲಿ. ಮಾಳಿಗೆ ಮೇಲೆ ಬಟ್ಟೆ ಐತೆ, ಇನ್ನ್ಮೇಲೆ ಒಣಹಾಕೋದು, ತರೋದು ನೀವೇ ಮಾಡ್ಬೇಕು."

ಶಾಹಿಸ್ತಾ ಮುಖ ಮುಚ್ಚಿಕೊಂಡು ಕೋಣೆಗೆ ಹೋದಳು. ಶಾಕಿರ್ ತಾನೇ ಮೇಲೆ ಹತ್ತಿದ. ಹಗ್ಗದ ಮೇಲೆ ಒಂದೇ ಒಂದು ಬಟ್ಟೆ, ಅಪ್ಪನ ಹಳೆಯ ಉಣ್ಣೆಯ ಸ್ವೆಟರ್. ಲಂಡನ್ನಿನಲ್ಲಿ ಮಗನಿಗೆ ಚಳಿಯಾಗದಿರಲೆಂದು ಅಮ್ಮ ಬೀರುವಿನಿಂದ ತೆಗೆದು ಒಗೆದಿದ್ದಳು. ರಾಜಶೇಖರ್ ಬರುವ ಸ್ವಲ್ಪ ಮೊದಲಷ್ಟೇ ಅದನ್ನು ಬಕೆಟ್ಟಿನಲ್ಲಿ ಹಾಕಿಕೊಂಡು, ಇದೇ ಮೆಟ್ಟಿಲುಗಳನ್ನು ಸರಸರ ಹತ್ತಿ ಬಂದು ಹರವಿದ್ದಳು. ಇನ್ನೂ ನೀರು ತೊಟ್ಟಿಕ್ಕುತ್ತಿತ್ತು.

ಶಾಕಿರ್ ಅದರ ಒದ್ದೆ ತೋಳನ್ನು ಹಿಡಿದುಕೊಂಡು ಅಲ್ಲೇ ಕೂತ.

"ಇಳಿಯೋವಾಗ ಹುಷಾರು ಬೇಟಾ," ಕೆಳಗಿನಿಂದ ಅಮ್ಮ ಕೂಗಿದಳು. "ಮೆಟ್ಲು ಜಾರ್ತೈತೆ."