ಉದ್ದಪ್ಪನ ಪಟಕಾ

ಗೋಕಾಕದಿಂದ ಹುಕ್ಕೇರಿಯವರೆಗೆ, ಕುರಿ ಕಾಯುವ ಉದ್ದಪ್ಪ ತಲೆಗೆ ಸುತ್ತಿದ ಪಟಕಾ ಇಳಿಸಿದ ಗಂಡಸು ಯಾರಾದರೂ ಇದ್ದರೆ ಅದು ನಾನೊಬ್ಬನೇ. ತಹಶೀಲ್ದಾರರಿಂದಾಗದ, ಬಿರುಗಾಳಿಯಿಂದಲೂ ಆಗದ ಕೆಲಸವದು. ಹೆಸರು ಉದ್ದಪ್ಪ, ಆಳು ಗಿಡ್ಡ. ಕೊರತೆ ಬಿದ್ದ ಉದ್ದವನ್ನು ಆ ಕೆಂಪು ಪಟಕಾ ತುಂಬಿಕೊಡುತ್ತಿತ್ತು. ಬಿಚ್ಚಿ ಹಾಸಿದರೆ ಒಂದು ತುದಿ ಯಮಕನಮರಡಿಯಲ್ಲಿ, ಇನ್ನೊಂದು ಸಂಕೇಶ್ವರದಲ್ಲಿ. ಕತ್ತು ಹೊರಳಿಸಿದರೆ ಎಲ್ಲಿ ವಾಲೀತೋ ಎಂದು, ಕರೆದವರ ಕಡೆಗೆ ಇಡೀ ಮೈಯನ್ನೇ ತಿರುಗಿಸುವನು. ‘ಖರೆ ಅಂದ್ರ’ ಎಂದು ಮಾತು ತೆಗೆದು, ಅಲ್ಲಿಗೇ ನಿಲ್ಲಿಸಿಬಿಡುವನು. ಅವನ ಮಂದಿಯಲ್ಲಿ ಗಂಡಸು ಬರಿತಲೆಯಲ್ಲಿ ಕೂರುವುದು ಮನೆಯಲ್ಲಿ ಹೆಣವಿದ್ದಾಗ ಮಾತ್ರ.

ತೊಂಬತ್ಮೂರರಲ್ಲಿ ಹಳ್ಳಿಯ ದಾರಿದ್ರ್ಯದ ಸಾಕ್ಷ್ಯಚಿತ್ರ ತೆಗೆಯಲು ಟೀವಿಯ ಮಂದಿ ಬಂದರು. ಊರ ಸಾಲೆಯ ಮಾಸ್ತರನಾದ ನಾನೇ ಅವರನ್ನು ಉದ್ದಪ್ಪನ ಮನೆಗೆ ಕರೆದೊಯ್ದೆ. ಅಲ್ಲಿದ್ದ ಬಡತನ ಅವರ ಅಳತೆಗೆ ಸಾಲಲಿಲ್ಲ. ಎಂಬತ್ತು ಕುರಿಗಳನ್ನು ಗುಡ್ಡದಾಚೆ ಅಟ್ಟಿಸಿದರು. ಥಳಥಳಿಸುವ ತಾಮ್ರದ ಕೊಡವನ್ನು ಮರೆಮಾಡಿ ಒಡಕು ಮಡಕೆ ಇಡಿಸಿದರು. ಅಷ್ಟಾದರೂ ಕರುಣರಸ ಉಕ್ಕದಿರಲು, ಪಟಕಾ ಬೇಡವೆಂದರು. ಉದ್ದಪ್ಪ ನನ್ನ ಮುಖ ನೋಡಿದ. ‘ತಗಿಯೋ, ಐದ ಮಿನಿಟ’ ಎಂದೆ. ತೆಗೆದ. ಬಾಗಿಲಲ್ಲಿ ನಿಂತಿದ್ದ ಹೆಂಡತಿ ಸುಂದ್ರವ್ವ ತಟಕ್ಕನೆ ಒಳಗೆ ಸರಿದಳು.

ಚಿತ್ರ ಬಿತ್ತರವಾದ ಮರುದಿನ ಮೂಡಲಗಿಯಿಂದ ಅವನ ತಂಗಿ ಬಾಳವ್ವ ಮೊದಲ ಬಸ್ಸಿಗೇ ಎದೆ ಬಡಿದುಕೊಳ್ಳುತ್ತ ಬಂದಿಳಿದಳು. ಟೀವಿಯ ಹಿಂದಿ ಅವಳಿಗೆ ತಿಳಿದಿರಲಿಲ್ಲ. ಅಳುವ ಕೊಳಲು ಕೇಳಿಸಿತ್ತು, ಅಣ್ಣನ ಬರಿತಲೆ ಕಂಡಿತ್ತು, ಅತ್ತಿಗೆ ಸತ್ತಳೆಂದೇ ತಿಳಿದಿದ್ದಳು. ಹಿಟ್ಟಿನ ಕೈಯಲ್ಲೇ ಹೊರಬಂದ ಸುಂದ್ರವ್ವ, ಅಂಗಳದಲ್ಲಿ ಕುಸಿದವಳನ್ನು ಹಿಡಿದೆತ್ತಿದಳು: ‘ಇನ್ನೂ ಜೀಂವಂತ ಅದೇನಿ ಬಾಳವ್ವ. ಒಳಗ ಬಾ, ನನ್ನ ತಿಥಿ ರೊಟ್ಟಿ ನಾನ ಬಡಸ್ತೇನಿ.’

ಓಣಿಯೆಲ್ಲ ನಕ್ಕಿತು, ಎಲ್ಲರಿಗಿಂತ ಹೆಚ್ಚು ನಾನು. ಉದ್ದಪ್ಪ ನಗಲಿಲ್ಲ. ಅಂದಿನಿಂದ ಸುಂದ್ರವ್ವ ಒಮ್ಮೆ ಕೆಮ್ಮಿದರೂ ಅವನ ಕೈ ಪಟಕಾದ ಮೇಲೆ ಹೋಗುತ್ತಿತ್ತು.

ವರ್ಷ ತುಂಬುವುದರೊಳಗೆ ಜ್ವರವೊಂದು ಸುಂದ್ರವ್ವನನ್ನು ನಿಜವಾಗಿಯೂ ಒಯ್ದಿತು. ಇಂಥ ಜನರ ಬಳಿ ಇಲ್ಲದ್ದನ್ನು ಲೋಕಕ್ಕೆ ತೋರಿಸಹೊರಟವರು ಇದ್ದದ್ದನ್ನೂ ತೆಗೆಸಿ ಹೋಗುತ್ತಾರೆ. ಬೇಡಿದವರ ದಾಕ್ಷಿಣ್ಯಕ್ಕೆ ಮಾನವನ್ನೇ ಎತ್ತಿಕೊಡುವ ಧಾರಾಳಿಗಳನ್ನು ನಾವು ಬಡವರೆಂದು ಕರೆಯುತ್ತೇವೆ. ಈ ಮಾತು ನನಗೆ ಹೊಳೆದದ್ದು ತಡವಾಗಿ, ಅದೂ ಹೆಣದ ಮುಂದೆ. ಉದ್ದಪ್ಪ ಪಟಕಾ ಕಟ್ಟಿಕೊಂಡೇ ಕೂತಿದ್ದ. ಹಿರಿಯರು ಹೇಳಿ ಸೋತಿದ್ದರು. ಮಾಸ್ತರ ಮಾತು ಮೀರಲಾರನೆಂದು ನನ್ನನ್ನು ಮುಂದೆ ನೂಕಿದರು. ಪಟಕಾ ತೆಗೆಯೆಂದು ನಾನೂ ಮೆಲ್ಲಗೆ ಹೇಳಿದೆ.

‘ನಿಮ್ಮ ಮಾತ ಕೇಳಿ ಒಮ್ಮೆ ತಗದೇನಲ್ರಿ ಮಾಸ್ತರ, ಆಕಿ ಜೀಂವ ಇದ್ದಾಗನ,’ ಎಂದ. ‘ಒಂದ ಸಾವಿಗೆ ಎಷ್ಟ ಸಲ ತಗೀಬೇಕ್ರಿ?’